ಪುಸ್ತಕದ ಪಕ್ಕದಲ್ಲಿ ಪುಸ್ತಕ

(ಅತ್ತಿಬೆಲೆಯಲ್ಲಿ ನೀಡಿದ ದತ್ತಿ ಉಪನ್ಯಾಸ)



ದತ್ತಿ ಉಪನ್ಯಾಸವೆಂದರೆ ಒಬ್ಬ ಕವಿಯನ್ನೋ ಒಂದು ಕಾವ್ಯವನ್ನೋ ವಿಷಯವಾಗಿ ಕೊಟ್ಟು ವಿದ್ವಾಂಸರಿಂದ ಮಾತಾಡಿಸುವುದು ವಾಡಿಕೆ. ಈ ದತ್ತಿಯ ಆಶಯ ಬೇರೆ. ಓದಿನ ಬಗ್ಗೆ ಓದುವವರೇ ಬಂದು ಮಾತಾಡಬೇಕು ಎಂದು ಅದನ್ನಿಟ್ಟವರು ಬರೆದಿಟ್ಟಿದ್ದಾರೆ. ಹಾಗಾಗಿ ಕಳೆದ ಆಷಾಢದಲ್ಲಿ ನಾನು ಓದಿದ ಪುಸ್ತಕಗಳನ್ನೂ ಅವುಗಳ ಬಗ್ಗೆ ನನಗೆ ಮೂಡಿದ ಅಭಿಪ್ರಾಯಗಳನ್ನೂ ನಿಮ್ಮ ಮುಂದಿಡುತ್ತೇನೆ. ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ನಮ್ಮಂಥವರಿಗೆ ಭಾನುವಾರಗಳು ಪೂರ್ತಿಯಾಗಿ ಸಿಗುವುದು ಆ ತಿಂಗಳಲ್ಲೇ.

ಓದಿದ್ದು ಬೇಟೆಯ ಕಥೆ, ಶಾಸನ ಸಂಪುಟ, ಎರಡು ಮೂರು ಕಾದಂಬರಿ, ಸಸ್ಯಶಾಸ್ತ್ರ, ಮಹಾಭಾರತ, ಸಣ್ಣಕಥೆ. ಇದಕ್ಕೊಂದು ಕ್ರಮ ಇರಲಿಲ್ಲ. ಒಂದು ಮುಗಿದಾಗ ಕೈಗೆ ಸಿಕ್ಕಿದ್ದು ಇನ್ನೊಂದು. ಆದರೆ ಹೀಗೆ ಕಲಸಿ ಓದಿದ್ದರಿಂದಲೇ ಕೆಲವು ಸಂಗತಿಗಳು ಕಂಡವು. ನಾನು ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದವನು. ಯಂತ್ರದಿಂದ ಇಳಿದ ಬಿಡಿಭಾಗವನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ನೋಡಿದರೂ ಅದು ಸರಿಯೋ ತಪ್ಪೋ ತಿಳಿಯುವುದಿಲ್ಲ; ಮಾಸ್ಟರ್ ಪೀಸನ್ನು ಪಕ್ಕದಲ್ಲಿಟ್ಟಾಗ ಕೂದಲೆಳೆಯಷ್ಟು ವ್ಯತ್ಯಾಸವೂ ಕಣ್ಣಿಗೆ ಬೀಳುತ್ತದೆ. ಪುಸ್ತಕಗಳಲ್ಲಿ ಯಾವುದು ಮಾಸ್ಟರ್ ಪೀಸ್ ಎಂದು ಮೊದಲೇ ಯಾರೂ ತೀರ್ಮಾನಿಸಿ ಕೊಡಬಾರದು. ಆದರೆ ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡುವ ಆ ಕ್ರಮ ಓದಿಗೂ ಸಲ್ಲುತ್ತದೆ. ನಮ್ಮ ಕಡೆ ಯಾರಾದರೂ ಪುಸ್ತಕ ಓದಿ ಮುಗಿಸಿದರೆ ‘ಚೆನ್ನಾಗಿದೆ’ ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಏನು ಚೆನ್ನಾಗಿದೆ, ಏನು ಇಲ್ಲ, ಏಕೆ ಎಂದು ಹೇಳುವ ಧೈರ್ಯ ಸಾಮಾನ್ಯ ಓದುಗನಿಗೆ ಬರುವುದು ಪಕ್ಕದಲ್ಲಿ ಇನ್ನೊಂದು ಪುಸ್ತಕ ಇದ್ದಾಗ ಎಂಬುದು ನನ್ನ ನಂಬಿಕೆ.

ಮೊದಲು ತೆಗೆದದ್ದು ಕೆನೆತ್ ಆಂಡರ್ಸನ್. 1910ರಲ್ಲಿ ಹುಟ್ಟಿ 1974ರಲ್ಲಿ ತೀರಿಕೊಂಡ ಈ ಬೆಂಗಳೂರಿನ ದೊರೆ ಇಲ್ಲಿನ ವಿಮಾನ ಕಾರ್ಖಾನೆಯಲ್ಲಿ, ಅಂದರೆ ನಾವು ಇಂದು ಎಚ್‌ಎಎಲ್ ಎನ್ನುವ ಕಡೆ, ಕೆಲಸದಲ್ಲಿದ್ದವನು. ರಜೆ ಸಿಕ್ಕರೆ ಕೋವಿ ಹಿಡಿದು ಕಾಡಿಗೆ ಹೊರಡುತ್ತಿದ್ದ. 1954ರಲ್ಲಿ ಬಂದ ಅವನ ‘ನೈನ್ ಮ್ಯಾನ್‌ಈಟರ್ಸ್ ಅಂಡ್ ಒನ್ ರೋಗ್’ ಪುಸ್ತಕದ ಮೊದಲ ಕಥೆ ಜವಳಗಿರಿಯ ಹುಲಿಯದು, ಎರಡನೆಯದು ಗುಮ್ಮಳಾಪುರದ ಚಿರತೆಯದು. ಈ ಎರಡು ಊರುಗಳೂ ನಮಗೆ ಎಷ್ಟು ಹತ್ತಿರ ಎಂದು ಹೇಳಬೇಕಾಗಿಲ್ಲ. ಆನೇಕಲ್ಲಿನಿಂದ ದಕ್ಷಿಣಕ್ಕೆ ಹೋಗಿ ಗಡಿ ದಾಟಿದರೆ ತಳಿ, ಅದರ ಸುತ್ತಿನ ಕಾಡೇ ಅವನ ಕಥೆಗಳ ಕಾಡು. ಅದೇ ಪುಸ್ತಕದಲ್ಲಿ ಜಾಲಹಳ್ಳಿಯ ಚಿರತೆಯೂ ಇದೆ. ಇಂದು ಪೀಣ್ಯದ ಕಾರ್ಖಾನೆಗಳ ಮಗ್ಗುಲಲ್ಲಿರುವ ಜಾಲಹಳ್ಳಿಯಲ್ಲಿ ಚಿರತೆಗೆ ಹೆದರಿ ಜನ ಬಾಗಿಲು ಹಾಕಿಕೊಂಡಿದ್ದರು ಎಂದರೆ ನಮ್ಮ ಹುಡುಗರು ನಂಬುವುದಿಲ್ಲ.

ಬೇಟೆಯ ಸಾಹಸ ನನ್ನನ್ನು ಅಷ್ಟಾಗಿ ಹಿಡಿಯಲಿಲ್ಲ. ಮಚಾನು, ಕಟ್ಟಿದ ಎಮ್ಮೆ ಕರು, ಟಾರ್ಚಿನ ಬೆಳಕು, ಗುಂಡು: ನಾಲ್ಕು ಕಥೆ ಓದುವುದರೊಳಗೆ ವರಸೆ ಗೊತ್ತಾಗಿಬಿಡುತ್ತದೆ. ಹಿಡಿದದ್ದು ಎರಡು. ಒಂದು, ಅವನ ಕಿವಿ. ರಾತ್ರಿಯ ಕಾಡಿನಲ್ಲಿ ಕಡವೆ ಎಲ್ಲಿ ಕೂಗಿತು, ಮಂಗ ಯಾವ ಮರದಿಂದ ಎಚ್ಚರಿಸಿತು, ಸದ್ದು ನಿಂತದ್ದು ಯಾವಾಗ ಎಂಬುದನ್ನು ಅವನಷ್ಟು ತಾಳ್ಮೆಯಿಂದ ಬರೆದವರು ಕಡಿಮೆ. ಇನ್ನೊಂದು, ಭಯ ಹಳ್ಳಿಯ ದಿನಚರಿಯನ್ನು ಹೇಗೆ ನಿಲ್ಲಿಸಿಬಿಡುತ್ತದೆ ಎಂಬ ಚಿತ್ರ. ಗುಮ್ಮಳಾಪುರದ ಚಿರತೆ ನಲವತ್ತಕ್ಕೂ ಹೆಚ್ಚು ಜನರನ್ನು ಕೊಂದಿತ್ತು ಎಂದು ಅವನ ಲೆಕ್ಕ. ಸಂಜೆಯಾಗುವುದರೊಳಗೆ ಬಾಗಿಲು ಭದ್ರ, ಹೊಲಕ್ಕೆ ಹೋಗುವವರಿಲ್ಲ, ದಾರಿಯಲ್ಲಿ ನಡೆಯುವವರಿಲ್ಲ. ಪ್ರಾಣಿ ನರಭಕ್ಷಕವಾಗಲು ಬಹುಮಟ್ಟಿಗೆ ಮನುಷ್ಯ ಮಾಡಿದ ಗಾಯವೇ ಕಾರಣ ಎಂದೂ ಅವನು ಮತ್ತೆ ಮತ್ತೆ ಹೇಳುತ್ತಾನೆ. ಆ ಕಾಲದ ಬೇಟೆಗಾರನ ಬಾಯಲ್ಲಿ ಇದು ಸಣ್ಣ ಮಾತಲ್ಲ.

ಪೂರ್ಣಚಂದ್ರ ತೇಜಸ್ವಿಯವರು ಆಂಡರ್ಸನ್‌ನನ್ನು ‘ಕಾಡಿನ ಕತೆಗಳು’ ಎಂದು ನಾಲ್ಕು ಭಾಗಗಳಲ್ಲಿ ಕನ್ನಡಕ್ಕೆ ತಂದರು. ಮೊದಲ ಭಾಗದ ಹೆಸರು ‘ಬೆಳ್ಳಂದೂರಿನ ನರಭಕ್ಷಕ’. ನಮ್ಮ ಕಡೆಯ ಓದುಗರು ಸರ್ಜಾಪುರ ರಸ್ತೆಯ ಬೆಳ್ಳಂದೂರೆಂದು ಹುಡುಕುವುದು ಬೇಡ, ಆ ಊರು ಶಿವಮೊಗ್ಗ ಸೀಮೆಯದು. ಇಂಗ್ಲಿಷಿನಲ್ಲಿ ಓದುವಾಗ ಹೇಳುವವನಿಗೂ ಹಳ್ಳಿಯವರಿಗೂ ನಡುವೆ ಒಂದು ಅಂತರ ಸದಾ ಕಾಣುತ್ತದೆ. ತೇಜಸ್ವಿಯವರ ಕನ್ನಡದಲ್ಲಿ ಅದೇ ಮನುಷ್ಯ ಮೂಡಿಗೆರೆಯ ಕಡೆಯ ಬೇಟೆಹುಚ್ಚಿನ ನೆರೆಯವನಂತೆ ಕೇಳಿಸುತ್ತಾನೆ. ಓದುವುದಕ್ಕೆ ಇದು ಬಹಳ ಹಿತ. ಆದರೆ ಒಂದು ನಷ್ಟವೂ ಇದೆ. ಆಂಡರ್ಸನ್‌ನ ಅತ್ಯುತ್ತಮ ಪಾತ್ರ ನನ್ನ ಮಟ್ಟಿಗೆ ಹುಲಿಯಲ್ಲ, ಬೈರ ಎಂಬ ಪೂಜಾರಿ. ಹಳೆಯ ನಾಡಕೋವಿ ಹಿಡಿದು ಕದ್ದು ಬೇಟೆಯಾಡುವಾಗ ಸಿಕ್ಕಿಬಿದ್ದು, ಮುಂದೆ ಆಂಡರ್ಸನ್‌ನ ಜೀವದ ಗೆಳೆಯನಾದವನು. ಇಬ್ಬರೂ ಕೊಂದದ್ದು ಕಾಡಿನ ಪ್ರಾಣಿಯನ್ನೇ. ಒಬ್ಬನ ಬಳಿ ಪರವಾನಗಿ ಇತ್ತು, ಇನ್ನೊಬ್ಬನ ಬಳಿ ಇರಲಿಲ್ಲ. ದೊರೆಯ ಅಂತರ ಮರೆತುಹೋದರೆ ಈ ಅನ್ಯಾಯವೂ ಮರೆತುಹೋಗುತ್ತದೆ. ಅದಕ್ಕೇ ಎರಡನ್ನೂ ಓದಬೇಕು.

ಇನ್ನು ಶಾಸನ ಸಂಪುಟ. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೆಯ ಸಂಪುಟ 1905ರಲ್ಲಿ ಪ್ರಕಟವಾಯಿತು. ಬೆಂಗಳೂರು ಜಿಲ್ಲೆಯ ಶಾಸನಗಳು ತಾಲ್ಲೂಕುವಾರು ಅದರಲ್ಲಿವೆ, ಆನೇಕಲ್ಲಿನವೂ ಇವೆ. ಇದನ್ನು ಯಾರೂ ಮನರಂಜನೆಗೆ ಓದುವುದಿಲ್ಲ. ಓದಿ ನೋಡಿ ಎನ್ನುತ್ತೇನೆ. ಕ್ರಿ.ಶ. 1004ರ ಸುಮಾರಿಗೆ ಚೋಳರು ತಲಕಾಡನ್ನು ಹಿಡಿದ ಮೇಲೆ ಈ ಸೀಮೆ ಅವರ ಆಳ್ವಿಕೆಗೆ ಬಂತು. ಆಗಿನಿಂದ ಇಲ್ಲಿನ ಕಲ್ಲುಗಳ ಮೇಲೆ ತಮಿಳೂ ಇದೆ, ಕನ್ನಡವೂ ಇದೆ. ನಮ್ಮ ಸಂತೆಯಲ್ಲಿ ಇಂದು ಕೇಳುವ ಕನ್ನಡ, ತಮಿಳು, ತೆಲುಗುಗಳ ಬೆರಕೆ ಕಾರ್ಖಾನೆಗಳು ತಂದದ್ದು ಎಂದು ಎಷ್ಟೋ ಜನ ತಿಳಿದಿದ್ದಾರೆ. ಗಡಿಯ ಚೆಕ್‌ಪೋಸ್ಟಿಗಿಂತ ಸಾವಿರ ವರ್ಷ ಹಳೆಯದು ಆ ಬೆರಕೆ. ಇದನ್ನು ತಿಳಿದವನಿಗೆ ಕನ್ನಡದ ಮೇಲಿನ ಅಭಿಮಾನ ಕಡಿಮೆಯಾಗುವುದಿಲ್ಲ, ಪಕ್ಕದವನ ಮೇಲಿನ ಅನುಮಾನ ಕಡಿಮೆಯಾಗುತ್ತದೆ.

ನನಗೆ ಬಹಳ ಹಿಡಿಸಿದ್ದು ದಾನಶಾಸನಗಳಲ್ಲಿ ಬರುವ ಚಕ್ಕುಬಂದಿ. ಮೂಡಲಿಗೆ ಇಂಥ ಕೆರೆ, ತೆಂಕಲಿಗೆ ಇಂಥ ಬಂಡೆ, ಪಡುವಲಿಗೆ ಇಂಥ ಮರ ಎಂದು ಹೊಲದ ನಾಲ್ಕೂ ಮೇರೆಗಳನ್ನು ಹೇಳುವ ಕ್ರಮ. ಅತ್ತಿಬೆಲೆಯ ಉಪನೋಂದಣಿ ಕಚೇರಿಯಲ್ಲಿ ಇವತ್ತು ಆಗುವ ಕ್ರಯಪತ್ರಗಳಲ್ಲೂ ಚಕ್ಕುಬಂದಿ ಬರೆಯುತ್ತಾರೆ. ಅದರಲ್ಲಿರುವುದು ಮೂವತ್ತು ಅಡಿ ರಸ್ತೆ ಮತ್ತು ಅಕ್ಕಪಕ್ಕದ ಸೈಟ್ ನಂಬರು. ದಾನವನ್ನು ಅಳಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಗಲುತ್ತದೆ ಎಂದು ಶಾಸನ ಶಪಿಸುತ್ತದೆ. ಕೆರೆಯನ್ನೇ ನುಂಗಿದವರಿಗೆ ಯಾವ ಪಾಪ ಎಂದು ಕೇಳಬೇಕೆನಿಸುತ್ತದೆ, ನಮ್ಮ ತಾಲ್ಲೂಕಿನ ಕೆರೆಗಳ ಇಂದಿನ ಸ್ಥಿತಿ ನೋಡಿದಾಗ.

ಈ ಸಂಪುಟವನ್ನು ಆಂಡರ್ಸನ್‌ನ ಪಕ್ಕದಲ್ಲಿಟ್ಟಾಗ ಹೊಳೆದದ್ದು ಇದು. ಹುಲಿಯೊಡನೆ ಹೋರಾಡಿ ಸತ್ತವನ ಹೆಸರಲ್ಲಿ ನಿಲ್ಲಿಸಿದ ವೀರಗಲ್ಲುಗಳು ಕರ್ನಾಟಕದಲ್ಲಿ ಹಲವು ಕಡೆ ಇವೆ. ಅಲ್ಲಿ ಹುಲಿಯ ಎದುರಿಗೆ ನಿಂತವನು ಊರಿನವನು. ಕಲ್ಲು ಅವನ ಹೆಸರು, ಅವನ ತಂದೆಯ ಹೆಸರು, ಊರಿನ ಹೆಸರು ಹೇಳುತ್ತದೆ. ಆಂಡರ್ಸನ್‌ನಲ್ಲಿ ಊರಿನವನು ಬಹುಮಟ್ಟಿಗೆ ಬಾಗಿಲು ಹಾಕಿಕೊಂಡು ದೊರೆಯ ದಾರಿ ಕಾಯುವವನು. ಎರಡು ಕಾಲಗಳ ನಡುವೆ ಊರಿನವನ ಕೈಯಿಂದ ಆಯುಧ ಹೋಗಿತ್ತು ಎಂಬುದು ಕಾರಣವಿರಬಹುದು. ಕಥೆ ಹೇಳುವ ಅಧಿಕಾರವೂ ಅದರ ಜೊತೆಗೇ ಹೋಗಿತ್ತು. ಈಗ ಜವಳಗಿರಿಯ ಕಡೆಯಿಂದ ರಾಗಿ ತೆನೆಗಟ್ಟುವ ಕಾಲಕ್ಕೆ ಆನೆಗಳು ಬರುತ್ತವೆ. ರಾತ್ರಿಯೆಲ್ಲ ತಮಟೆ ಬಡಿದು ಪಟಾಕಿ ಸಿಡಿಸಿ ಹೊಲ ಕಾಯುವ ಆ ರೈತರ ಕಥೆಯನ್ನು ಕಲ್ಲಿನಲ್ಲೂ ಕಾಗದದಲ್ಲೂ ಇನ್ನೂ ಯಾರೂ ಸರಿಯಾಗಿ ಬರೆದಿಲ್ಲ. ಬರೆಯಬೇಕಾದವರು ಬಹುಶಃ ಈ ಸಭಾಂಗಣದಲ್ಲೇ ಇದ್ದಾರೆ.

ಕಾದಂಬರಿಗಳಿಗೆ ಬರುತ್ತೇನೆ. ವಸುಧೇಂದ್ರರ ‘ತೇಜೋ-ತುಂಗಭದ್ರಾ’ 2019ರಲ್ಲಿ ಬಂದದ್ದು. ಸಂಡೂರಿನಲ್ಲಿ ಹುಟ್ಟಿದ ಈ ಲೇಖಕರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಎರಡು ದಶಕದಷ್ಟು ಕಾಲ ದುಡಿದವರು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರಿಗೆ ಇದನ್ನು ಹೇಳಿದರೆ ಅವರ ಮುಖ ಅರಳುತ್ತದೆ. ಕಾದಂಬರಿಯ ಒಂದು ದಡದಲ್ಲಿ ಲಿಸ್ಬನ್ನಿನ ತೇಜೋ ನದಿ, ಇನ್ನೊಂದು ದಡದಲ್ಲಿ ವಿಜಯನಗರದ ತುಂಗಭದ್ರೆ. ಕಾಲ 1490ರ ದಶಕದಿಂದ ಕೃಷ್ಣದೇವರಾಯನ ಆಳ್ವಿಕೆಯವರೆಗೆ. ಸ್ಪೇನಿನಿಂದ 1492ರಲ್ಲಿ ಯಹೂದಿಯರನ್ನು ಓಡಿಸಿದ್ದು, 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದದ್ದು, 1506ರ ಲಿಸ್ಬನ್ ಹತ್ಯಾಕಾಂಡ, 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು, ಇವೆಲ್ಲ ಶಾಲೆಯ ಪಾಠದಲ್ಲಿ ಬೇರೆ ಬೇರೆ ಅಧ್ಯಾಯಗಳು. ಇವು ಒಂದೇ ಸಮುದ್ರದ ಅಲೆಗಳು ಎಂದು ಕಾದಂಬರಿ ಕಾಣಿಸುತ್ತದೆ.

ಅದರ ದೊಡ್ಡ ಗುಣ, ವೈಭವದ ಹಿಂದೆ ಕ್ರೌರ್ಯವನ್ನು ಬಚ್ಚಿಡದಿರುವುದು. ಲಿಸ್ಬನ್ನಿನಲ್ಲಿ ಯಹೂದಿಯರನ್ನು ಸುಡುವ ಬೆಂಕಿಯನ್ನು ನೋಡಿದ ಕಣ್ಣೇ ಹಂಪಿಯ ಸೀಮೆಯಲ್ಲಿ ಸತಿಯ ಬೆಂಕಿಯನ್ನೂ ನೋಡುತ್ತದೆ. ಒಂದಕ್ಕೊಂದು ನ್ಯಾಯ, ಇನ್ನೊಂದಕ್ಕೊಂದು ನ್ಯಾಯ ಎಂದಿಲ್ಲ. ಒಡೆಯನಿಗಾಗಿ ಪ್ರಾಣ ಕೊಡುತ್ತೇನೆಂದು ಭಾಷೆ ಕೊಡುವ ಲೆಂಕರ ಪದ್ಧತಿ ಕಥೆಯ ಬೆನ್ನೆಲುಬಿನಲ್ಲೇ ಇದೆ. ಶಾಸನಗಳನ್ನು ಓದಿದ್ದರಿಂದ ನನಗೆ ಇದು ಬೇಗ ಮುಟ್ಟಿತು. ಇಮ್ಮಡಿ ಬಲ್ಲಾಳನ ಜೊತೆಗೆ ಪ್ರಾಣ ಬಿಟ್ಟ ಕುವರ ಲಕ್ಷ್ಮನ ಸ್ತಂಭ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಇಂದಿಗೂ ನಿಂತಿದೆ. ಅದರ ಮೇಲಿನ ಬರಹ ಸ್ವಾಮಿನಿಷ್ಠೆಯನ್ನು ಹೊಗಳುತ್ತದೆ. ಅಂಥ ಭಾಷೆ ಕೊಟ್ಟವನ ಮನೆಯೊಳಗೆ ಹೆಂಡತಿ ಏನು ಅನುಭವಿಸಿದಳು ಎಂದು ಕೇಳುವುದು ಕಾದಂಬರಿ. ನನ್ನ ದೂರು ಒಂದೇ. ಪಾತ್ರಗಳಿಗೆ ಬಿಡುವೇ ಇಲ್ಲ. ಆ ಯುಗದ ಪ್ರತಿಯೊಂದು ಕ್ರೂರ ಪದ್ಧತಿಯೂ ಯಾರದಾದರೂ ಮೈಮೇಲೆ ಆಗಿಯೇ ತೀರಬೇಕೆಂಬಂತೆ ಘಟನೆಗಳು ಒಂದರ ಮೇಲೊಂದು ಬರುತ್ತವೆ. ಇವರು ಸುಮ್ಮನೆ ಜಗಲಿಯ ಮೇಲೆ ಕೂತು ಹರಟುವ ನಾಲ್ಕು ಪುಟ ಇದ್ದಿದ್ದರೆ ಅವರ ಸಾವು ಇನ್ನೂ ಹೆಚ್ಚು ಕಾಡುತ್ತಿತ್ತು.

ಇದರ ಪಕ್ಕದಲ್ಲಿ ಬಂದು ಕೂತದ್ದು ಬಿ. ಜಿ. ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’. ಡಿ.ವಿ.ಜಿ.ಯವರ ಮಗ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರು, ‘ಹಸುರು ಹೊನ್ನು’ ಬರೆದವರು. ತಮಿಳುನಾಡಿನ ಅನುಭವದ ಮೇಲೆ ‘ತಮಿಳು ತಲೆಗಳ ನಡುವೆ’ ಎಂಬ ಪುಸ್ತಕವನ್ನೂ ಬರೆದಿದ್ದಾರೆ, ಗಡಿಯೂರಿನ ಪ್ರತಿ ಮನೆಯಲ್ಲೂ ಇರಬೇಕಾದದ್ದು. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಕಡಲೆಕಾಯಿ, ಗೋಡಂಬಿ, ಸೀಬೆ, ಪರಂಗಿ ಎಲ್ಲವೂ ಅಮೆರಿಕ ಖಂಡಗಳಿಂದ ಹೊರಟು ಹಡಗು ಹತ್ತಿ ಬಂದವು. ಹೊಸೂರಿನ ಕಡೆಯಿಂದ ದಿನಬೆಳಗಾದರೆ ಟೊಮೆಟೊ ತುಂಬಿದ ಗಾಡಿಗಳು ಬರುವುದನ್ನು ನೋಡುವ ನಮಗೆ ಈ ಕಾಯಿ ನಮ್ಮದಲ್ಲ ಎನ್ನುವುದೇ ವಿಚಿತ್ರ. ಹಂಪಿಯ ವೈಭವದ ದಿನಗಳಲ್ಲಿ ಅಡುಗೆಮನೆಯ ಖಾರ ಕರಿಮೆಣಸಿನದು. ನಾವು ‘ನಮ್ಮ ಹಳೆಯ ಊಟ’ ಎಂದು ಹೆಮ್ಮೆಪಡುವ ಹುಳಿ, ಚಟ್ನಿ, ಪಲ್ಯಗಳ ಅರ್ಧ ಭಾಗ ಈಚಿನದು.

ಸ್ವಾಮಿಯವರ ಬರವಣಿಗೆಯ ಲವಲವಿಕೆ ನನಗೆ ಬಹಳ ಇಷ್ಟ. ವಿಜ್ಞಾನವನ್ನು ಕನ್ನಡದಲ್ಲಿ ಹೇಳಲು ಬರುವುದಿಲ್ಲ ಎಂದು ಇವತ್ತಿಗೂ ವಾದಿಸುವವರಿಗೆ ಈ ಪುಸ್ತಕ ಕೊಟ್ಟು ಸುಮ್ಮನಿದ್ದರೆ ಸಾಕು. ಆದರೆ ಕಾದಂಬರಿ ಓದಿದ ಬೆನ್ನಿಗೇ ಓದಿದಾಗ ಗಿಡಗಳ ಈ ಪಯಣದ ಉಲ್ಲಾಸದ ಹಿಂದೆ ಇನ್ನೊಂದು ಸದ್ದು ಕೇಳಿಸುತ್ತದೆ. ಬೀಜ ತಂದ ಜನರೇ ಫಿರಂಗಿಯನ್ನೂ ತಂದರು, ಗುಲಾಮರನ್ನೂ ಸಾಗಿಸಿದರು. ಹಾಗೆಯೇ ಸ್ವಾಮಿಯವರನ್ನು ಓದುವಾಗ ಕಾದಂಬರಿಯ ಕತ್ತಲೆಗೆ ಒಂದು ಉತ್ತರ ಹೊಳೆಯಿತು: ಗೆದ್ದವರು ತಂದ ಕಾಯಿಯನ್ನು ನಮ್ಮ ಹೆಂಗಸರು ಒಲೆಯ ಮುಂದೆ ಕೂತು ಪೂರ್ತಿಯಾಗಿ ನಮ್ಮದು ಮಾಡಿಕೊಂಡರು. ಯಾವ ರಾಜನ ಅಪ್ಪಣೆಯೂ ಅದಕ್ಕೆ ಬೇಕಾಗಲಿಲ್ಲ. ಇದು ಕಾದಂಬರಿಯಲ್ಲೂ ಇಲ್ಲ, ಸಸ್ಯಶಾಸ್ತ್ರದಲ್ಲೂ ಇಲ್ಲ. ಎರಡನ್ನೂ ಓದಿದವನಿಗೆ ನಡುವೆ ಸಿಕ್ಕಿದ್ದು.

‘ತೇಜೋ-ತುಂಗಭದ್ರಾ’ದಲ್ಲಿ ಬರುವ ಯಹೂದಿ ಹುಡುಗಿ ಬೆಲ್ಲಾಳ ಕಥೆ ನನ್ನನ್ನು ನೇಮಿಚಂದ್ರರ ‘ಯಾದ್ ವಶೇಮ್’ಗೆ ವಾಪಸು ಕರೆದೊಯ್ದಿತು. 2007ರ ಕಾದಂಬರಿ. ನಾಜಿಗಳಿಂದ ತಪ್ಪಿಸಿಕೊಂಡು ತಂದೆಯೊಡನೆ ಬೆಂಗಳೂರಿಗೆ ಬಂದ ಹುಡುಗಿಯೊಬ್ಬಳು, ವರ್ಷಗಳು ಕಳೆದ ಮೇಲೆ ಬಿಟ್ಟುಬಂದ ತನ್ನವರನ್ನು ಹುಡುಕಿಕೊಂಡು ಹೊರಡುತ್ತಾಳೆ. ನೇಮಿಚಂದ್ರರೂ ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದವರು. ಆಂಡರ್ಸನ್ ದುಡಿದ ವಿಮಾನ ಕಾರ್ಖಾನೆಯೇ ಅರ್ಧ ಶತಮಾನದ ನಂತರ ಈ ಲೇಖಕಿಯನ್ನೂ ಕೊಟ್ಟಿತು. ಕಾರ್ಖಾನೆಯ ಊರುಗಳಲ್ಲಿ ಸಾಹಿತ್ಯ ಹುಟ್ಟುವುದಿಲ್ಲ ಎನ್ನುವವರು ಇದನ್ನು ಗಮನಿಸಬೇಕು. ಎಚ್‌ಎಂಟಿ, ಬಿಇಎಲ್, ಐಟಿಐ, ಎಚ್‌ಎಎಲ್ ಕಾರ್ಖಾನೆಗಳ ಕನ್ನಡ ಸಂಘಗಳು ಕಟ್ಟಿದ ಓದುಗ ವರ್ಗದ ಚರಿತ್ರೆಯನ್ನೂ ಯಾರಾದರೂ ಬರೆಯಬೇಕು.

‘ಯಾದ್ ವಶೇಮ್’ನಲ್ಲಿ ಲೇಖಕಿ ಕಲೆಹಾಕಿದ ಮಾಹಿತಿ ಕೆಲವು ಕಡೆ ಪಾತ್ರಗಳ ಬಾಯಲ್ಲಿ ಭಾಷಣವಾಗುತ್ತದೆ. ವಸುಧೇಂದ್ರರಲ್ಲಿ ಮಾಹಿತಿ ಘಟನೆಯೊಳಗೆ ಕರಗಿದೆ. ಕುಶಲತೆಯ ದೃಷ್ಟಿಯಿಂದ ಅದು ಮೇಲು. ಆದರೆ ಮನಸ್ಸಿನಲ್ಲಿ ಹೆಚ್ಚು ದಿನ ನಿಂತದ್ದು ನೇಮಿಚಂದ್ರರದೇ. ಏಕೆಂದರೆ ಅಲ್ಲಿ ದಿಕ್ಕಿಲ್ಲದ ಮಗುವಿಗೆ ಬೆಂಗಳೂರು ಒಂದು ಮನೆ ಕೊಡುತ್ತದೆ. ಮೈಸೂರು ರಸ್ತೆಯಲ್ಲಿ ಯಹೂದಿಯರ ಸ್ಮಶಾನ ಇಂದಿಗೂ ಇದೆ. ಆ ಸಮುದಾಯ ಇಲ್ಲಿ ಬದುಕಿತ್ತು ಎಂಬುದಕ್ಕೆ ಸಾಕ್ಷಿ. ಬಿಹಾರದಿಂದ, ಒಡಿಶಾದಿಂದ, ಅಸ್ಸಾಮಿನಿಂದ ಬಂದು ನಮ್ಮ ಕೈಗಾರಿಕಾ ಪ್ರದೇಶದ ಶೀಟು ಮನೆಗಳಲ್ಲಿ ಬಾಡಿಗೆಗಿರುವವರನ್ನು ನೋಡುವಾಗ ನನಗೆ ಈ ಕಾದಂಬರಿಯ ನೆನಪಾಗುತ್ತದೆ. ಇನ್ನೊಂದು ಸಂತೋಷದ ವಿಷಯ: ಕೆ. ನಲ್ಲತಂಬಿಯವರು ಇದನ್ನು ತಮಿಳಿಗೆ ಅನುವಾದಿಸಿದ್ದಾರೆ, ಅದಕ್ಕೆ 2022ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಅನುವಾದ ಪ್ರಶಸ್ತಿ ಬಂದಿದೆ. ನಮ್ಮ ಊರಿನ ತಮಿಳು ಮನೆಮಾತಿನ ಗೆಳೆಯರೂ ನಾವೂ ಒಂದೇ ಕಾದಂಬರಿಯನ್ನು ಎರಡು ಭಾಷೆಯಲ್ಲಿ ಓದಿ ಒಟ್ಟಿಗೆ ಕೂತು ಮಾತಾಡಬಹುದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಇಷ್ಟು ಪುಸ್ತಕ ಎಲ್ಲಿಂದ ತರುವುದು, ಯಾವಾಗ ಓದುವುದು? 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ನಾವು ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಾ ಬಂದಿದ್ದೇವೆ. ಪುಸ್ತಕ ನಮ್ಮ ಹಣದ್ದು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಬರೆದರು. ನಾಲ್ಕನೆಯದು ಓದುಗನ ಸಮಯ ಉಳಿಸಬೇಕು ಎಂಬುದು. ಮೂರು ಪಾಳಿಯಲ್ಲಿ ದುಡಿಯುವ ಊರಿನಲ್ಲಿ ಗ್ರಂಥಾಲಯ ತೆರೆದಿರಬೇಕಾದ ಹೊತ್ತನ್ನು ಪಾಳಿಗಳೇ ತೀರ್ಮಾನಿಸಬೇಕು. ಮೊದಲ ಪಾಳಿ ಬಿಟ್ಟವನು ಸಂಜೆ ಬಂದಾಗ, ರಾತ್ರಿ ಪಾಳಿಯವನು ಎದ್ದು ಮಧ್ಯಾಹ್ನ ಬಂದಾಗ ಬಾಗಿಲು ತೆರೆದಿರಬೇಕು. ಬೊಮ್ಮಸಂದ್ರದಿಂದ ಮೆಟ್ರೊ ಓಡತೊಡಗಿದ ಮೇಲೆ ಪ್ರಯಾಣದಲ್ಲಿ ಓದುವುದು ಸಲೀಸಾಗಿದೆ, ಬಸ್ಸಿನಷ್ಟು ಕುಲುಕುವುದಿಲ್ಲ. ನಿಲ್ದಾಣದಲ್ಲಿ ಒಂದು ಪುಸ್ತಕದ ಕಪಾಟು ಇಟ್ಟರೆ ಏನು ನಷ್ಟ?

ಮಹಾಭಾರತದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ರಾಜಾಜಿ ಹುಟ್ಟಿದ್ದು ಇಲ್ಲೇ ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ, 1878ರಲ್ಲಿ; ಓದಿದ್ದು ಹೊಸೂರಿನಲ್ಲಿ, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಅದೇ ಸೆಂಟ್ರಲ್ ಕಾಲೇಜಿನಲ್ಲಿ ಮುಂದೆ ಪಾಠ ಹೇಳಿದ, ಕರ್ನಾಟಕ ಸಂಘ ಕಟ್ಟಿದ, ‘ಪ್ರಬುದ್ಧ ಕರ್ಣಾಟಕ’ವನ್ನು ಹುಟ್ಟುಹಾಕಿದ ಎ. ಆರ್. ಕೃಷ್ಣಶಾಸ್ತ್ರಿಗಳ ‘ವಚನ ಭಾರತ’ 1950ರಲ್ಲಿ ಬಂತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ರಾಜಾಜಿಯವರ ಮಹಾಭಾರತ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಜನರ ಕೈಗೆ ಹೋಯಿತು. ರಾಜಾಜಿ ಪ್ರಸಂಗ ಮುಗಿದೊಡನೆ ಕೆಲವೊಮ್ಮೆ ಓದುಗನ ಕಡೆ ತಿರುಗಿ ಇದರಿಂದ ತಿಳಿಯಬೇಕಾದದ್ದು ಇಷ್ಟು ಎಂದು ಹೇಳುತ್ತಾರೆ. ಶಾಸ್ತ್ರಿಗಳು ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಅಶ್ವತ್ಥಾಮ ಮಲಗಿದ್ದವರನ್ನು ಕೊಂದ ರಾತ್ರಿಗೆ ವಿವರಣೆ ಬೇಕಿಲ್ಲ. ಮಕ್ಕಳಿಗೆ ಓದಿಹೇಳಲು ರಾಜಾಜಿಯ ಸಣ್ಣ ಅಧ್ಯಾಯಗಳು ಅನುಕೂಲ. ದೊಡ್ಡವರು ಒಬ್ಬರೇ ಕೂತು ಓದಲು ವಚನ ಭಾರತ. ಆ ಗದ್ಯದ ಹದ ಇವತ್ತಿನ ನಮ್ಮ ಪತ್ರಿಕೆಗಳ ಕನ್ನಡಕ್ಕೆ ಬಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಕೊನೆಗೆ ಉಳಿದವು ಎರಡು, ಒಂದರ ಬೆನ್ನಿಗೇ ಇನ್ನೊಂದನ್ನು ಓದಿದ್ದು: ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಮತ್ತು ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’.

‘ಘಾಚರ್ ಘೋಚರ್’ 2013ರದು, ಚಿಕ್ಕ ಪುಸ್ತಕ. ಸೇಲ್ಸ್‌ಮನ್ ಅಪ್ಪನ ಸಂಬಳದಲ್ಲಿ ಇಕ್ಕಟ್ಟಿನ ಮನೆಯಲ್ಲಿ ಇರುವೆಗಳೊಡನೆ ಯುದ್ಧ ಮಾಡಿಕೊಂಡಿದ್ದ ಕುಟುಂಬ. ಅಪ್ಪ ಕೆಲಸ ಕಳೆದುಕೊಂಡ ಮೇಲೆ ಚಿಕ್ಕಪ್ಪ ಸೋನಾ ಮಸಾಲಾ ಎಂಬ ಕಂಪನಿ ಶುರುಮಾಡುತ್ತಾನೆ, ಹಣ ಬರುತ್ತದೆ, ದೊಡ್ಡ ಮನೆ ಬರುತ್ತದೆ. ಕಥೆ ಹೇಳುವವನು ಹೆಸರಿಗೆ ಕಂಪನಿಯ ನಿರ್ದೇಶಕ. ಮಾಡಲು ಕೆಲಸವಿಲ್ಲದೆ ಕಾಫಿ ಹೌಸಿನಲ್ಲಿ ಕೂರುತ್ತಾನೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಸಾರು ತಂದ ಹೆಂಗಸೊಬ್ಬಳನ್ನು ಮನೆಯ ಹೆಂಗಸರು ಬೈದು ಬೀದಿಗಟ್ಟುತ್ತಾರೆ. ಹೊಸದಾಗಿ ಮದುವೆಯಾಗಿ ಬಂದ ಅನಿತಾ ಒಬ್ಬಳೇ ಅದು ತಪ್ಪು ಎನ್ನುತ್ತಾಳೆ. ಗಂಡ ಬಾಯಿ ಬಿಡುವುದಿಲ್ಲ.

ಆನೇಕಲ್ ತಾಲ್ಲೂಕಿನಲ್ಲಿ ಈ ಕಾದಂಬರಿಯನ್ನು ಓದುವುದಕ್ಕೂ ಬೇರೆ ಕಡೆ ಓದುವುದಕ್ಕೂ ವ್ಯತ್ಯಾಸವಿದೆ. ಜಮೀನು ಕೈಗಾರಿಕೆಗೋ ಬಡಾವಣೆಗೋ ಹೋಗಿ ಒಂದೇ ಸಲಕ್ಕೆ ಹಣ ಕಂಡ ಮನೆಗಳನ್ನು ನಾವೆಲ್ಲ ಬಲ್ಲೆವು. ನಿನ್ನೆಯವರೆಗೆ ಒಂದೇ ತಟ್ಟೆಯಲ್ಲಿ ಉಂಡ ಅಣ್ಣತಮ್ಮಂದಿರು ಇಂದು ವಕೀಲರ ಮೂಲಕ ಮಾತಾಡುತ್ತಾರೆ. ದುಡಿಯದ ಮಗ ಕಾರು ಕೊಳ್ಳುತ್ತಾನೆ. ಹಣ ತಂದವನ ತಪ್ಪನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಶಾನಭಾಗರು ಈ ಕಡೆಯ ಬಗ್ಗೆ ಒಂದು ಸಾಲೂ ಬರೆದಿಲ್ಲ, ಆದರೂ ನಮ್ಮ ಎಷ್ಟೋ ಮನೆಗಳ ಒಳಮಾತು ಅದರಲ್ಲಿದೆ. ಗಟ್ಟಿಯಾಗಿ ಒಂದು ಮಾತೂ ಆಡದೆ ಭಯ ಹುಟ್ಟಿಸುವ ಗದ್ಯ ಅದು.

‘ಎದೆಯ ಹಣತೆ’ಯಲ್ಲಿ ಮೆಹರುನ್ ಎಂಬ ಹೆಣ್ಣುಮಗಳು ಗಂಡ ಬೇರೆ ಹೆಂಗಸಿನ ಹಿಂದೆ ಹೋದನೆಂದು ತವರಿಗೆ ಬರುತ್ತಾಳೆ. ಮನೆತನದ ಮರ್ಯಾದೆ ಎಂದು ಅಣ್ಣತಮ್ಮಂದಿರು ಅವಳನ್ನು ವಾಪಸು ಬಿಟ್ಟುಬರುತ್ತಾರೆ. ಅಂದು ರಾತ್ರಿ ಅವಳು ಸೀಮೆಎಣ್ಣೆಯ ಕಡೆ ಕೈ ಚಾಚಿದಾಗ ತಡೆಯುವವಳು ಹಿರಿಯ ಮಗಳು ಸಲ್ಮಾ, ತೋಳಿನಲ್ಲಿ ಕೂಸನ್ನು ಹಿಡಿದು. ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ ಈ ಕಥೆಯ ಹೆಸರನ್ನೇ ಹೊತ್ತು ಬಂದ 12 ಕಥೆಗಳ ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದಾಗ ನಮಗೆಲ್ಲ ಸಂಭ್ರಮವಾಯಿತು. ಸಂಭ್ರಮಪಟ್ಟವರಲ್ಲಿ ಕನ್ನಡದ ಮೂಲ ಕಥೆಗಳನ್ನು ಎಷ್ಟು ಜನ ಓದಿದರು ಎಂದು ನಾನು ಕಾಳಜಿಯಿಂದಲೇ ಕೇಳುತ್ತೇನೆ. ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಗಳ ಹೆಣ್ಣುಮಕ್ಕಳಲ್ಲಿ ಗಂಡ ಬಿಟ್ಟುಹೋದ ಮೇಲೆ ಮಕ್ಕಳನ್ನು ಸಾಕಲು ಹೊಲಿಗೆ ಯಂತ್ರದ ಮುಂದೆ ಕೂತವರಿದ್ದಾರೆ. ಈ ಕಥೆ ಮೊದಲು ತಲುಪಬೇಕಾದದ್ದು ಅವರಿಗೆ.

ಕಸುಬಿನ ದೃಷ್ಟಿಯಿಂದ ಶಾನಭಾಗರ ಕಥನ ಹೆಚ್ಚು ಬಿಗಿ. ಬಾನು ಅವರ ಕಥೆಗಳಲ್ಲಿ ಕೋಪ ಕೆಲವೊಮ್ಮೆ ಲೇಖಕಿಯ ಬಾಯಿಂದಲೇ ಬಂದುಬಿಡುತ್ತದೆ, ಪಾತ್ರ ಹೇಳಲಿ ಎಂದು ಕಾಯುವುದಿಲ್ಲ. ಅವರು ವಕೀಲರು, ನ್ಯಾಯಕ್ಕೆ ಕಾದು ಕಾದು ಸೋತವರನ್ನು ದಿನವೂ ಕಂಡವರು. ಆ ಅವಸರವನ್ನು ನಾನು ದೋಷವೆಂದು ಎಣಿಸಲಾರೆ. ಎರಡನ್ನೂ ಒಟ್ಟಿಗೆ ಓದಿದಾಗ ನನಗೆ ಕಂಡದ್ದು ಇಷ್ಟು. ‘ಘಾಚರ್ ಘೋಚರ್’ ಸುಮ್ಮನಿದ್ದ ಗಂಡಸಿನ ಬಾಯಿಂದ ಬಂದ ಕಥೆ. ಅನಿತಾ ಏನು ಯೋಚಿಸಿದಳು, ಕೊನೆಗೆ ಅವಳಿಗೆ ಏನಾಯಿತು ಎಂಬುದು ನಮಗೆ ಅವನ ಅಂಜಿಕೆಯ ಮೂಲಕವೇ ಗೊತ್ತಾಗಬೇಕು, ಪೂರ್ತಿ ಗೊತ್ತಾಗುವುದೂ ಇಲ್ಲ. ಮೆಹರುನ್‌ಳ ಕಥೆ ಅದೇ ಮನೆಯ ಅಡುಗೆಕೋಣೆಯಿಂದ ಬಂದಂತಿದೆ; ಇಲ್ಲಿ ಅವಳ ಮಾತು ನಮಗೆ ನೇರವಾಗಿ ಕೇಳಿಸುತ್ತದೆ. ‘ಘಾಚರ್ ಘೋಚರ್’ನ ಕೊನೆ ಅರ್ಧಕ್ಕೆ ನಿಂತಿತು ಎಂದು ಬಹಳ ಜನ ಬೇಸರಪಡುತ್ತಾರೆ. ಅದು ಅಲ್ಲೇ ನಿಲ್ಲಬೇಕಿತ್ತು ಎಂಬುದು ನನ್ನ ಅಭಿಪ್ರಾಯ: ತನ್ನ ಮನೆಯಲ್ಲಿ ಏನಾಗುತ್ತಿದೆ ಎಂದು ಕೇಳುವ ಧೈರ್ಯವಿಲ್ಲದವನು ಅದಕ್ಕಿಂತ ಮುಂದಿನದನ್ನು ಹೇಳಲು ಸಾಧ್ಯವೇ ಇಲ್ಲ.

ಇದನ್ನು ಒಪ್ಪದವರು ಈ ಸಭೆಯಲ್ಲಿದ್ದಾರೆ, ನನಗೆ ಗೊತ್ತು. ಅಧ್ಯಕ್ಷರು ಪ್ರಶ್ನೆಗಳಿಗೆ ಅರ್ಧ ಗಂಟೆ ಕೊಟ್ಟಿದ್ದಾರೆ. ಎರಡನೇ ಪಾಳಿಯ ಬಸ್ಸು ಹಿಡಿಯಬೇಕಾದವರು ಮೊದಲು ಕೇಳಲಿ.